ಡೀಸೆಲ್ ಜೀಪಿಗೆ ಎಣ್ಣೆ ಹಿಡಿಯುವ ಡಬ್ಬಿ: ಊರಿನಲ್ಲಿಯೇ ಮಾಡಿಸಿಕೊಳ್ಳುವ ಕ್ರಮ

ಗ್ರಾಮಾಂತರಗಳಲ್ಲಿ ಜಮೀನುದಾರರು ಇಟ್ಟುಕೊಂಡಿರುವ ಜೀಪು, ಪಿಕಪ್ಪು ಮೊದಲಾದ ಗಾಡಿಗಳಲ್ಲಿ ಅನೇಕವು ಟರ್ಬೋ ಜೋಡಿಸಿದ ಡೀಸೆಲ್ ಎಂಜಿನುಳ್ಳವಾಗಿರುತ್ತವೆ. ಇವು ಕೆಲವು ವರ್ಷ ದುಡಿದ ಮೇಲೆ, ಏರ್ ಫಿಲ್ಟರಿನಿಂದ ಎಂಜಿನಿಗೆ ಗಾಳಿ ಒಯ್ಯುವ ರಬ್ಬರು ಕೊಳವೆಯನ್ನು ಬಿಚ್ಚಿ ನೋಡಿದರೆ ಒಳಗೆಲ್ಲ ಕಪ್ಪನೆಯ ಎಣ್ಣೆ ಜಿನುಗಿರುವುದು ಕಂಡುಬರುತ್ತದೆ. ಇದನ್ನು ಕಂಡ ಕೂಡಲೆ ಟರ್ಬೋ ಕೆಟ್ಟಿತೆಂದು ಭಾವಿಸಿ ಹೊಸದನ್ನು ಹಾಕಿಸುವವರುಂಟು; ಎಂಜಿನನ್ನೇ ಬಿಚ್ಚಿಸಿ ದೊಡ್ಡ ವೆಚ್ಚಕ್ಕೆ ಗುರಿಯಾಗುವವರೂ ಉಂಟು. ಆದರೆ ಅನೇಕ ಸಂದರ್ಭಗಳಲ್ಲಿ ಆ ಎಣ್ಣೆಯು ಎಂಜಿನು ಬಿಡುವ ಉಸಿರಿನೊಡನೆ ಬಂದದ್ದಾಗಿರುತ್ತದೆ. ಅದನ್ನು ದಾರಿಯಲ್ಲಿಯೇ ತಡೆದು ಹಿಡಿಯುವ ಒಂದು ಡಬ್ಬಿಯನ್ನು ತಾಲ್ಲೂಕು ಪಟ್ಟಣದ ಲೇತಿನ ಅಂಗಡಿಯಲ್ಲಿಯೂ ವೆಲ್ಡಿಂಗ್ ಅಂಗಡಿಯಲ್ಲಿಯೂ ಮಾಡಿಸಿಕೊಳ್ಳಬಹುದು. ಸರಿಯಾಗಿ ಮಾಡಿದ ಡಬ್ಬಿಯು ಎಂಜಿನಿನ ಆರೋಗ್ಯವನ್ನು ತಿಳಿಸುವ ಅಳತೆಗೋಲೂ ಆಗುತ್ತದೆ. ತಪ್ಪಾಗಿ ಮಾಡಿದ್ದಾದರೆ ಎಂಜಿನಿನ ಉಸಿರು ಕಟ್ಟಿ, ಮೊದಲಿದ್ದುದಕ್ಕಿಂತ ಹೆಚ್ಚಿನ ನಷ್ಟಕ್ಕೆ ಕಾರಣವಾಗುತ್ತದೆ.

ಎಂಜಿನಿನ ಉಸಿರೆಂದರೇನು.— ಸಿಲಿಂಡರಿನಲ್ಲಿ ಇಂಧನವು ಉರಿದಾಗ ಹುಟ್ಟುವ ಒತ್ತಡವು ಪಿಸ್ಟನ್ನನ್ನು ಕೆಳಕ್ಕೆ ತಳ್ಳುತ್ತದೆ. ಪಿಸ್ಟನ್ನಿನ ಸುತ್ತಲಿನ ರಿಂಗುಗಳು ಎಷ್ಟು ಚೆನ್ನಾಗಿ ಕೂತಿದ್ದರೂ ಅವುಗಳ ಸಂದಿನಿಂದ ಸ್ವಲ್ಪ ಅನಿಲವು ನುಸುಳಿ, ಕ್ರ್ಯಾಂಕು ತಿರುಗುವ ಕೆಳಗಿನ ಕೋಣೆಗೆ ಇಳಿಯುವುದು ಅನಿವಾರ್ಯ. ಗ್ಯಾರೇಜಿನವರು ಇದನ್ನೇ ‘ಬ್ಯಾಕ್ ಕಂಪ್ರೆಷನ್’ ಎನ್ನುತ್ತಾರೆ. ಇದರ ಪರಿಮಾಣವನ್ನು ಒಂದು ಲೆಕ್ಕದಿಂದ ಊಹಿಸಬಹುದು. 2500 ಸಿ.ಸಿ. ಎಂಜಿನು ನಿಮಿಷಕ್ಕೆ 2000 ಸುತ್ತು ತಿರುಗುವಾಗ, ಟರ್ಬೋ ತುಂಬುವ ಹೆಚ್ಚಿನ ಗಾಳಿಯನ್ನು ಲೆಕ್ಕಕ್ಕೆ ಹಿಡಿಯದಿದ್ದರೂ, ನಿಮಿಷಕ್ಕೆ 2500 ಲೀಟರು ಗಾಳಿಯನ್ನು ಸೇದುತ್ತದೆ. ಅದರಲ್ಲಿ ನೂರಕ್ಕೆ ಒಂದು ಪಾಲು ನುಸುಳಿತೆಂದು ಇಟ್ಟುಕೊಂಡರೂ, ನಿಮಿಷವೊಂದಕ್ಕೆ 25 ಲೀಟರು ಅನಿಲವು ಕೆಳಗಿನ ಕೋಣೆಯನ್ನು ಸೇರುತ್ತದೆ. ಇಷ್ಟೂ ಹೊರಗೆ ಹೋಗಲೇಬೇಕು. ಹೋಗಲು ದಾರಿಯಿಲ್ಲವಾದರೆ ಒಳಗಿನ ಒತ್ತಡವೇರಿ, ಎಣ್ಣೆಯು ಆಯಿಲ್ ಸೀಲುಗಳನ್ನೂ ಗ್ಯಾಸ್ಕೆಟ್ಟುಗಳನ್ನೂ ದಾಟಿ ಹೊರಬೀಳುತ್ತದೆ. ಟರ್ಬೋದಿಂದ ಕೆಳಕ್ಕೆ ಹರಿದುಹೋಗಬೇಕಾದ ಎಣ್ಣೆಯೂ ತಡೆಯಲ್ಪಟ್ಟು ಅದರ ಸೀಲನ್ನು ಮೀರಿ ಗಾಳಿಯ ಮಾರ್ಗಕ್ಕೆ ನುಗ್ಗುತ್ತದೆ.

ನುಸುಳಿದ ಅನಿಲದಲ್ಲಿ ಹೊಗೆ, ಉರಿಯದ ಇಂಧನ, ನೀರಾವಿ ಇವೆಲ್ಲ ಇರುತ್ತವೆ. ಕೋಣೆಯೊಳಗೆ ಕ್ರ್ಯಾಂಕು ಎರಚುವ ಎಣ್ಣೆಯು ಮಂಜಿನಂತಾಗಿ ಇವುಗಳೊಡನೆ ಬೆರೆಯುತ್ತದೆ. ಹಿಂದಿನ ಕಾಲದ ಮೋಟಾರುಗಳಲ್ಲಿ ಈ ಉಸಿರನ್ನು ಒಂದು ಬಗ್ಗಿದ ಕೊಳವೆಯ ಮೂಲಕ ಗಾಡಿಯ ಅಡಿಯಲ್ಲಿ ರಸ್ತೆಗೇ ಬಿಡುತ್ತಿದ್ದರು. ಅಮೆರಿಕದ ಲಾಸ್ ಏಂಜಲೀಸ್ ನಗರವನ್ನು ಮುಸುಕುತ್ತಿದ್ದ ಕಣ್ಣುರಿಯ ಮಂಜಿಗೆ ಮೋಟಾರುಗಳು ಬಿಡುವ ಉರಿಯದ ಇಂಧನಾಂಶವೂ ಕಾರಣವೆಂದು ರಸಾಯನಶಾಸ್ತ್ರಜ್ಞ ಹಾಗೆನ್-ಸ್ಮಿಟ್ ಎಂಬವರು 1950ರ ಸುಮಾರಿನಲ್ಲಿ ತೋರಿಸಿಕೊಟ್ಟರು. ತರುವಾಯ 1961ರಲ್ಲಿ ಕ್ಯಾಲಿಫೋರ್ನಿಯದ ಸರ್ಕಾರವು, ಈ ಉಸಿರನ್ನು ಬಯಲಿಗೆ ಬಿಡದೆ ಎಂಜಿನಿಗೇ ಹಿಂದಕ್ಕೆ ಕುಡಿಸಿ ಸುಡುವ ಏರ್ಪಾಟು ಇರಬೇಕೆಂದು ವಿಧಿಸಿತು. ಈಗ ಕಾರು, ಜೀಪುಗಳಲ್ಲಿ ಇದೇ ಕ್ರಮವಿದೆ. ಊರಿನ ಗಾಳಿಗೆ ಇದರಿಂದ ಒಳಿತಾಯಿತು. ಎಂಜಿನಿಗೆ ಮಾತ್ರ ತನ್ನ ಉಸಿರಿನ ಎಣ್ಣೆಯನ್ನು ತಾನೇ ಕುಡಿಯುವ ಪಾಡು ಬಂದಿತು.

ಇದರ ಫಲವು ಎಂಜಿನಿನ ಬಗೆಯನ್ನು ಅನುಸರಿಸಿ ಬೇರೆ ಬೇರೆಯಾಗಿರುತ್ತದೆ. ಟರ್ಬೋ ಡೀಸೆಲಿನಲ್ಲಿ ಎಣ್ಣೆಯು ಮೊದಲು ಟರ್ಬೋವನ್ನೂ ಅನಂತರ ಗಾಳಿಯನ್ನು ತಂಪುಮಾಡುವ ಇಂಟರ್‌ಕೂಲರನ್ನೂ ಹಾದು ಅಲ್ಲಿ ಅಂಟಿಕೊಳ್ಳುತ್ತದೆ. ಹೊಗೆಯ ಒಂದಂಶವನ್ನು ಮರಳಿ ಎಂಜಿನಿಗೆ ಕಳುಹಿಸುವ ಇ.ಜಿ.ಆರ್. ಎಂಬ ಏರ್ಪಾಟಿರುವ ಎಂಜಿನುಗಳಲ್ಲಿ ಮಸಿಯೂ ಈ ಎಣ್ಣೆಯೂ ಕಲೆತು ಡಾಂಬರಿನಂತೆ ಗಟ್ಟಿಯಾಗಿ, ಗಾಳಿಯ ದಾರಿಯು ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತದೆ. ಇಂಟರ್‌ಕೂಲರಿನ ತಳದಲ್ಲಿ ಎಣ್ಣೆಯು ಹೆಚ್ಚಾಗಿ ನಿಂತರೆ ಇನ್ನೂ ಭಯಂಕರವಾದ ಅಪಾಯವೊಂದುಂಟು. ಘಟ್ಟವನ್ನು ಹತ್ತುವಾಗ ಆ ಎಣ್ಣೆಯು ಒಮ್ಮೆಲೇ ಎಂಜಿನಿಗೆ ಸೇದಲ್ಪಟ್ಟರೆ, ಎಂಜಿನು ಅದನ್ನೇ ಇಂಧನವಾಗಿ ಸುಟ್ಟುಕೊಂಡು ಹತೋಟಿ ಮೀರಿ ಓಡತೊಡಗುತ್ತದೆ. ಆಗ ಕೀಲಿ ತಿರುಗಿಸಿದರೂ ಅದು ನಿಲ್ಲುವುದಿಲ್ಲ. ಮೇಲಿನ ಗೇರಿಗೆ ಹಾಕಿ, ಬ್ರೇಕನ್ನು ಬಲವಾಗಿ ಅದುಮಿ ಹಿಡಿದು, ಕ್ಲಚ್ಚನ್ನು ಬಿಟ್ಟು ಎಂಜಿನನ್ನು ಉಸಿರುಕಟ್ಟಿಸಿ ನಿಲ್ಲಿಸುವುದೊಂದೇ ಚಾಲಕನಿಗೆ ಉಳಿಯುವ ಉಪಾಯ. ಅದು ಸಾಧ್ಯವಾಗದಿದ್ದರೆ ಗಾಡಿಯಿಂದಿಳಿದು ದೂರ ಸರಿಯತಕ್ಕದ್ದು. ತಿರುಗುತ್ತಿರುವ ಎಂಜಿನಿನ ಮೇಲೆ ಬಗ್ಗಿ ನೋಡುವುದು ಪ್ರಾಣಕ್ಕೆ ಸಂಚಕಾರ.

ಪೆಟ್ರೋಲ್ ಕಾರುಗಳ ವಿಷಯ.— ಇಂಧನವನ್ನು ನೇರವಾಗಿ ಸಿಲಿಂಡರಿನೊಳಕ್ಕೇ ಚಿಮ್ಮಿಸುವ ಹೊಸ ಬಗೆಯ ಪೆಟ್ರೋಲ್ ಎಂಜಿನುಗಳಲ್ಲಿ, ಗಾಳಿ ಬರುವ ವಾಲ್ವುಗಳ ಬೆನ್ನನ್ನು ತೊಳೆಯಲು ಪೆಟ್ರೋಲು ಬರುವುದಿಲ್ಲವಾದ್ದರಿಂದ, ಎಣ್ಣೆಯು ಅಲ್ಲಿ ಸುಟ್ಟು ಇದ್ದಲಾಗಿ ಕೂರುತ್ತದೆ. ಟರ್ಬೋ ಇಲ್ಲದ, ವಾಲ್ವಿನ ಹಿಂದೆ ಪೆಟ್ರೋಲು ಚಿಮ್ಮಿಸುವ ಸಾಮಾನ್ಯ ಕಾರಿಗೆ ಈ ಡಬ್ಬಿಯ ಅಗತ್ಯವೇ ಇಲ್ಲ. ಅಂಗಡಿಯವರ ಮಾತಿಗೆ ಮರುಳಾಗಿ ಅದಕ್ಕೆ ಹಣ ಸುರಿಯುವುದು ವ್ಯರ್ಥ. ಪೆಟ್ರೋಲ್ ಎಂಜಿನಿನಲ್ಲಿ ಉಸಿರು ನಳಿಗೆಗಳು ಎರಡಿದ್ದು, ಅವುಗಳಲ್ಲೊಂದು ಬಲವಾದ ಸೆಳೆತಕ್ಕೆ ಒಳಗಾಗಿರುತ್ತದೆ. ಅದರಲ್ಲಿ ಡಬ್ಬಿ ಜೋಡಿಸಿದರೆ, ಎಂಜಿನು ನಿಧಾನವಾಗಿ ತಿರುಗುವಾಗ 10 ಸೆಂಟಿಮೀಟರು ಅಡ್ಡಳತೆಯ ಮುಚ್ಚಳದ ಮೇಲೆ ಹೊರಗಾಳಿಯು ಸುಮಾರು 45 ಕಿಲೋ ಭಾರವನ್ನು ಹೇರುತ್ತದೆ. ತೆಳು ಡಬ್ಬಿಯು ಚಪ್ಪಟೆಯಾಗುತ್ತದೆ. ಕೂದಲೆಳೆಯಷ್ಟು ಬಿರುಕಿದ್ದರೂ ಅಳತೆಗೆ ಸಿಕ್ಕದ ಗಾಳಿಯು ಒಳನುಗ್ಗಿ ಎಂಜಿನು ತಡವರಿಸುತ್ತದೆ. ಆದ್ದರಿಂದ ಮುಂದೆ ಹೇಳುವ ಕ್ರಮವು ಟರ್ಬೋ ಡೀಸೆಲಿಗೆ ಮಾತ್ರ ಅನ್ವಯಿಸುತ್ತದೆ. ಅದರಲ್ಲಿಯೂ ವಾರಂಟಿಯ ಅವಧಿಯಲ್ಲಿರುವ ಗಾಡಿಗೆ, ಮತ್ತು 2020ನೆಯ ಏಪ್ರಿಲಿನಿಂದ ಜಾರಿಗೆ ಬಂದ ಬಿ.ಎಸ್. 6 ಕ್ರಮದ ಗಾಡಿಗೆ ಕಂಪೆನಿಯವರ ಒಪ್ಪಿಗೆಯಿಲ್ಲದೆ ಏನನ್ನೂ ಜೋಡಿಸಕೂಡದು.

ಡಬ್ಬಿಗೆ ಮೊದಲು ನೋಡತಕ್ಕವು.— ಎಂಜಿನಿನ ಎಣ್ಣೆಯು ಅಳತೆ ಕಡ್ಡಿಯ ಮೇಲಿನ ಗುರುತನ್ನು ಮೀರಿರಕೂಡದು. ಮೀರಿದ್ದರೆ ಕ್ರ್ಯಾಂಕು ಅದನ್ನು ಮಜ್ಜಿಗೆಯಂತೆ ಕಡೆದು ನೊರೆಯೆಬ್ಬಿಸಿ ಉಸಿರಿನೊಡನೆ ಕಳುಹಿಸುತ್ತದೆ. ‘ಒಂದಿಷ್ಟು ಹೆಚ್ಚಿದ್ದರೆ ಒಳ್ಳೆಯದೇ’ ಎಂದು ಹೊಯ್ಯುವ ಅಭ್ಯಾಸವು ಈ ಕೆಡುಕಿನ ದೊಡ್ಡ ಮೂಲವಾಗಿದೆ. ಗಾಡಿ ತಯಾರಿಸಿದವರೇ ತಲೆಯ ಮುಚ್ಚಳದಲ್ಲಿ ಇಟ್ಟಿರುವ ಎಣ್ಣೆ ಬೇರ್ಪಡಿಸುವ ಭಾಗವು ಮಡ್ಡಿ ಕಟ್ಟಿದ್ದರೆ ಅದನ್ನು ಶುದ್ಧಗೊಳಿಸಬೇಕು ಅಥವಾ ಬದಲಾಯಿಸಬೇಕು. ಟರ್ಬೋದ ಕಂಬಿಯು ಬೆರಳಿಗೆ ತಿಳಿಯುವಂತೆ ಒಳಕ್ಕೂ ಹೊರಕ್ಕೂ ಅಲುಗಿದರೆ, ಅಥವಾ ಅದರ ರೆಕ್ಕೆಗಳು ಗೋಡೆಗೆ ತಾಗಿದ ಗುರುತಿದ್ದರೆ, ದೋಷವು ಟರ್ಬೋದಲ್ಲಿಯೇ ಇದೆಯೆಂದು ತಿಳಿದು ಅದನ್ನು ಸರಿಪಡಿಸಬೇಕು.

ರಚನೆ.— ಗಾಡಿಯ ಉಸಿರು ನಳಿಗೆಯ ಒಳವ್ಯಾಸ 19 ಮಿಲಿಮೀಟರು, ಎಂದರೆ ಮುಕ್ಕಾಲು ಅಂಗುಲ, ಎಂದಿಟ್ಟುಕೊಂಡು ಅಳತೆಗಳನ್ನು ಕೊಡಲಾಗಿದೆ. ನಳಿಗೆಯು ಇನ್ನೂ ದಪ್ಪವಾಗಿದ್ದರೆ ಎಲ್ಲವನ್ನೂ ಅದಕ್ಕನುಗುಣವಾಗಿ ಹಿಗ್ಗಿಸತಕ್ಕದ್ದು. 10 ಸೆಂಟಿಮೀಟರು ಒಳವ್ಯಾಸ, 15 ಸೆಂಟಿಮೀಟರು ಎತ್ತರ, 2 ಮಿಲಿಮೀಟರು ದಪ್ಪವಿರುವ ಕಬ್ಬಿಣದ ಪೈಪಿನ ತುಂಡಿಗೆ ತಳವನ್ನು ಬೆಸೆಯಬೇಕು. ಇದು ಸುಮಾರು 1.2 ಲೀಟರು ಹಿಡಿಯುತ್ತದೆ. ಅಡಿಗೆಮನೆಯ ಸ್ಟೀಲಿನ ಡಬ್ಬಿಯು ಸುಲಭವಾಗಿ ಸಿಕ್ಕುವುದೇನೋ ನಿಜ. ಆದರೆ ಅದರ ತಗಡು ಬಹು ತೆಳುವಾಗಿದ್ದು, ಹಳ್ಳಿಯ ರಸ್ತೆಯ ಕುಲುಕಾಟಕ್ಕೆ ಬೆಸುಗೆಯ ಅಂಚಿನಲ್ಲಿ ಸೀಳುತ್ತದೆ. ಗಾಳಿ ತುಂಬುವ ಕಂಪ್ರೆಸರುಗಳಲ್ಲಿ ನೀರು ಹಿಡಿಯಲು ಹಾಕುವ ಗಾಜಿನಂಥ ಪ್ಲಾಸ್ಟಿಕ್ಕಿನ ಬಟ್ಟಲನ್ನು ಕೆಲವರು ಜೋಡಿಸುವುದುಂಟು. ಅದರ ರಂಧ್ರವು ಕಾಲಂಗುಲದ್ದಾದರೆ ದಾರಿಯ ವಿಸ್ತಾರವು ಮೂಲದ ಹತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ. ಎಂಜಿನಿನ ಶಾಖಕ್ಕೂ ಎಣ್ಣೆಯ ಆವಿಗೂ ಆ ಬಟ್ಟಲು ಬಿರುಕು ಬಿಡುವುದೂ ಉಂಟು. ಇದನ್ನು ಸರ್ವಥಾ ಉಪಯೋಗಿಸಬಾರದು.

ಒಳಗೆ ಏನೂ ಇಲ್ಲದ ಬರಿಯ ಡಬ್ಬಿಯು ಹೆಚ್ಚಿಗೆ ಏನನ್ನೂ ಹಿಡಿಯುವುದಿಲ್ಲ. ಒಳಬಂದ ಮಂಜು ಹಾಗೆಯೇ ಹೊರನಡೆಯುತ್ತದೆ. ಎಣ್ಣೆಯ ಹನಿಗಳು ಬೇರ್ಪಡಬೇಕಾದರೆ ಉಸಿರಿನ ವೇಗ ತಗ್ಗಬೇಕು, ಅದು ದಿಕ್ಕು ಬದಲಿಸಬೇಕು, ತಣ್ಣಗಿನ ಲೋಹಕ್ಕೆ ತಾಕಬೇಕು. ಮೇಲೆ ಹೇಳಿದ ಅಳತೆಯಲ್ಲಿ ಡಬ್ಬಿಯ ಒಡಲು ನಳಿಗೆಗಿಂತ 27 ಪಾಲು ವಿಸ್ತಾರವುಳ್ಳದ್ದಾದ್ದರಿಂದ ವೇಗವು ತಾನಾಗಿ ಅಷ್ಟರಮಟ್ಟಿಗೆ ಕುಗ್ಗುತ್ತದೆ. ಉಳಿದುದಕ್ಕೆ ಈ ರೀತಿ ಏರ್ಪಡಿಸಬೇಕು. ಒಳಬರುವ ನಳಿಗೆಯನ್ನು ಮುಚ್ಚಳದಲ್ಲಿ ಬೆಸೆದು, ಅದರ ತುದಿಯು ತಳದಿಂದ 7 ಸೆಂಟಿಮೀಟರು ಮೇಲಿರುವಂತೆ ಇಳಿಬಿಟ್ಟು, ಬಾಯಿಯನ್ನು ಓರೆಯಾಗಿ ಕೊಯ್ದು ಗೋಡೆಯ ಕಡೆಗೆ ತಿರುಗಿಸಬೇಕು. ತಳದ 5 ಸೆಂಟಿಮೀಟರು ಹಿಡಿದ ಎಣ್ಣೆ ನಿಲ್ಲುವ ಜಾಗ. ಎಣ್ಣೆಯು ನಳಿಗೆಯ ತುದಿಯವರೆಗೆ ಏರಲು ಎಂದೂ ಬಿಡಕೂಡದು. ತಳದಿಂದ 9 ಮತ್ತು 12 ಸೆಂಟಿಮೀಟರು ಎತ್ತರಗಳಲ್ಲಿ ತೂತು ಕೊರೆದ ಎರಡು ತಗಡಿನ ಬಿಲ್ಲೆಗಳನ್ನು ಆ ನಳಿಗೆಗೇ ಬೆಸೆಯಬೇಕು. ಪ್ರತಿ ಬಿಲ್ಲೆಗೂ 5 ಮಿಲಿಮೀಟರಿನ 50 ತೂತುಗಳಿದ್ದರೆ ಅವುಗಳ ಒಟ್ಟು ವಿಸ್ತಾರವು ನಳಿಗೆಯ ಮೂರೂವರೆಯಷ್ಟಾಗುತ್ತದೆ. ಇದಕ್ಕಿಂತ ಕಡಮೆ ಮಾಡಬಾರದು.

ಎರಡು ಬಿಲ್ಲೆಗಳ ನಡುವೆ, ಪಾತ್ರೆ ಉಜ್ಜುವ ಸ್ಟೇನ್‌ಲೆಸ್ ಸ್ಟೀಲಿನ ಸುರುಳಿ ನಾರನ್ನು ಸಡಿಲವಾಗಿ ಹರಡಬೇಕು. ಎಣ್ಣೆಯ ಹನಿಗಳು ಇದರ ಎಳೆಗಳಿಗೆ ಅಂಟಿ, ಒಂದರೊಡನೊಂದು ಕೂಡಿ ತೂಕವೇರಿ ಕೆಳಕ್ಕೆ ತೊಟ್ಟಿಕ್ಕುತ್ತವೆ. ಬಡಗಿಗಳು ಮರ ಉಜ್ಜಲು ಬಳಸುವ ಸಣ್ಣೆಳೆಯ ಉಕ್ಕಿನ ಉಣ್ಣೆಯು ಇದಕ್ಕೆ ಒದಗದು: ಅದು ನೀರಾವಿಗೆ ತುಕ್ಕು ಹಿಡಿದು ಪುಡಿಯಾಗುತ್ತದೆ, ಆ ಪುಡಿಯನ್ನು ಟರ್ಬೋ ಸೇದಿಕೊಳ್ಳುತ್ತದೆ. ಸ್ಟೀಲಿನ ನಾರಿನಲ್ಲಿಯೂ ಬಿಡಿ ತುಂಡುಗಳಿದ್ದರೆ ಮೊದಲೇ ಕೊಡವಿ ತೆಗೆಯಬೇಕು. ಮೇಲಿನ ಬಿಲ್ಲೆಯ ಕೆಳಮೈಗೆ ಸ್ಟೇನ್‌ಲೆಸ್ ತಂತಿಯ ಬಲೆಯ ತುಂಡೊಂದನ್ನು ಹೊಲಿಸಿದರೆ ಮತ್ತೂ ಕ್ಷೇಮ. ಹೊರಹೋಗುವ ನಳಿಗೆಯು ಮುಚ್ಚಳದ ಇನ್ನೊಂದು ಪಕ್ಕದಲ್ಲಿರಬೇಕು. ಮುಚ್ಚಳವನ್ನು ಬೆಸೆಯದೆ, ಅಂಚು ಕಟ್ಟಿ, ಆರು ಬೋಲ್ಟುಗಳಿಂದ ಬಿಗಿಯಬೇಕು. ನಡುವೆ ಎಣ್ಣೆಗೆ ತಡೆಯುವ ನೈಟ್ರೈಲ್ ರಬ್ಬರಿನ ಅಥವಾ ಕಾರ್ಕಿನ ಹಾಳೆಯನ್ನು ಹಾಕಬೇಕು. ಹೀಗೆ ಮಾಡಿದಲ್ಲಿ ಮುಚ್ಚಳವನ್ನು ಎತ್ತಿದಾಗ ನಳಿಗೆ, ಬಿಲ್ಲೆ, ನಾರು ಎಲ್ಲವೂ ಒಟ್ಟಿಗೆ ಹೊರಬರುವುದರಿಂದ ತೊಳೆಯುವುದು ಸುಲಭ. ತಳಕ್ಕೆ ಸಣ್ಣದೊಂದು ನಲ್ಲಿ, ಅದರ ಬಾಯಿಗೆ ತಿರುಪಿನ ಬಿರಡೆ.

ಬೆಸುಗೆಯ ಎಚ್ಚರಿಕೆ.— ಪೆಟ್ರೋಲು, ತಿನ್ನರು, ಬಣ್ಣ ಮುಂತಾದವನ್ನು ತುಂಬಿದ್ದ ಹಳೆಯ ಡಬ್ಬಿಯನ್ನು ಎಷ್ಟು ತೊಳೆದರೂ ಬೆಸುಗೆಗೆ ಕೊಡಕೂಡದು. ಕಣ್ಣಿಗೆ ಕಾಣದ ಆವಿಯೇ ಸಿಡಿಯಲು ಸಾಕು. ಸತುವಿನ ಲೇಪವುಳ್ಳ ಪೈಪಿನ ಹೊಗೆಯು ಬೆಸೆಯುವವನಿಗೆ ಚಳಿಜ್ವರ ತರುತ್ತದೆ. ಕ್ಲೋರಿನ್ ಸೇರಿದ ದ್ರಾವಕದಿಂದ ತೊಳೆದ ಲೋಹವು ಒಣಗುವ ಮುನ್ನ ಬೆಸುಗೆಯ ಶಾಖಕ್ಕೆ ಸಿಕ್ಕಿದರೆ ಫಾಸ್‌ಜೀನ್ ಎಂಬ ವಿಷಾನಿಲವು ಹುಟ್ಟುತ್ತದೆ. ಆದುದರಿಂದ ಹೊಸ ಪೈಪನ್ನೇ ಕೊಂಡು, ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿ ಕೊಡುವುದು ಮೇಲು. ಬೆಸುಗೆ ಮುಗಿದ ಮೇಲೆ ಒಳಗಿನ ಕಿಟ್ಟದ ಚೂರುಗಳನ್ನೆಲ್ಲ ಕೆರೆದು ತೆಗೆಯಬೇಕು. ಒಂದು ಚೂರು ಟರ್ಬೋಗೆ ಹೋದರೂ ಡಬ್ಬಿಯಿಂದಾದ ಉಳಿತಾಯವೆಲ್ಲ ಅಂದೇ ಕರಗುತ್ತದೆ.

ಪರೀಕ್ಷೆ, ಜೋಡಣೆ.— ಹೊರನಳಿಗೆಯನ್ನು ಬಿರಡೆಯಿಂದ ಮುಚ್ಚಿ, ಡಬ್ಬಿಯನ್ನು ನೀರಿನಲ್ಲಿ ಮುಳುಗಿಸಿ ಊದಿದರೆ ಗುಳ್ಳೆ ಬರಬಾರದು. ಬಿರಡೆ ತೆಗೆದು ಊದಿದರೆ ಏನೂ ತಡೆಯಿಲ್ಲದಂತೆ ಗಾಳಿ ಹೋಗಬೇಕು. ಜೋಡಿಸುವ ಕೊಳವೆಯು ಎಣ್ಣೆಗೆ ತಡೆಯುವ ನೈಟ್ರೈಲ್ ರಬ್ಬರಿನದಾಗಿರಬೇಕು. ತೋಟಕ್ಕೆ ನೀರು ಬಿಡುವ ಪ್ಲಾಸ್ಟಿಕ್ ಕೊಳವೆಯು ಬಿಸಿಗೆ ಮೆತ್ತಗಾಗಿ ಮಡಿಚಿಕೊಳ್ಳುತ್ತದೆ. ರೇಡಿಯೇಟರಿನ ನೀರಿಗೆಂದು ಮಾಡಿದ ರಬ್ಬರು ಎಣ್ಣೆಗೆ ಉಬ್ಬಿ ಒಳಗಿನ ದಾರಿಯನ್ನು ಮುಚ್ಚುತ್ತದೆ. ತಲೆಯ ಮುಚ್ಚಳದಿಂದ ಟರ್ಬೋ ಕಡೆಗೆ ಹೋಗುವ ಮೂಲ ನಳಿಗೆಯನ್ನು ಬಿಚ್ಚಿ, ಡಬ್ಬಿಯು ನಡುವೆ ಬರುವಂತೆ ಕ್ಲಿಪ್ಪುಗಳಿಂದ ಬಿಗಿಯಬೇಕು. ಕೊಳವೆಯು ಎಲ್ಲಿಯೂ ತೊಟ್ಟಿಲಿನಂತೆ ಜೋತು ಬಿದ್ದಿರಬಾರದು. ಅಲ್ಲಿ ನಿಂತ ಎಣ್ಣೆಯೇ ಬಿರಡೆಯಾಗುತ್ತದೆ. ಹೊಗೆ ಕೊಳವೆಗೂ ಟರ್ಬೋಗೂ ದೂರವಾಗಿ, ಗಾಳಿ ಆಡುವ ಕಡೆ ಬಲವಾದ ಪಟ್ಟಿಯಿಂದ ಡಬ್ಬಿಯನ್ನು ಹಿಡಿಸಬೇಕು. ಬಿಸಿಯಾದ ಹೊಗೆ ಕೊಳವೆಯ ಮೇಲೆ ಎಣ್ಣೆ ತೊಟ್ಟಿಕ್ಕಿದರೆ ಗಾಡಿಗೆ ಬೆಂಕಿ ಹತ್ತುವುದು. ಡಬ್ಬಿಯ ಹೊರನಳಿಗೆಯನ್ನು ಗಾಳಿಯ ಕೊಳವೆಗೆ ಸೇರಿಸದೆ ಬಯಲಿಗೆ ಬಿಡುವ ರೂಢಿಯೂ ಕೆಲವೆಡೆ ಉಂಟು. ಅದರಿಂದ ವಿಷದ ಹೊಗೆಯು ಗಾಡಿಯಲ್ಲಿ ಕುಳಿತವರ ಮೂಗಿಗೇ ಬರುವುದಲ್ಲದೆ, ಆ ಉಸಿರನ್ನು ಎಂಜಿನಿಗೇ ಹಿಂತಿರುಗಿಸಿ ಸುಡಬೇಕೆಂಬ ಉದ್ದೇಶವೇ ಕೆಡುತ್ತದೆ.

ಜೋಡಿಸಿದ ಮೇಲೆ ಉಸಿರು ಕಟ್ಟಿದೆಯೇ ಇಲ್ಲವೇ ಎಂಬುದನ್ನು ಊಹೆಯಿಂದ ನಿರ್ಣಯಿಸುವ ಕಾರಣವಿಲ್ಲ. ಅಗ್ಗದ ಸಾಧನವೊಂದರಿಂದ ಅಳೆಯಬಹುದು. ಎಣ್ಣೆ ಹೊಯ್ಯುವ ಬಾಯಿಗೆ ಹಳೆಯ ಮುಚ್ಚಳವೊಂದನ್ನು ತಂದು ತೂತು ಕೊರೆದು ಸಣ್ಣ ನಳಿಗೆಯನ್ನು ಕೂರಿಸಬೇಕು. ಸುಮಾರು ಒಂದೂವರೆ ಮೀಟರು ಪಾರದರ್ಶಕ ಕೊಳವೆಯನ್ನು ಹಲಗೆಯ ಮೇಲೆ ಲಾಳದಂತೆ ಬಗ್ಗಿಸಿ ಕಟ್ಟಿ, ಅರ್ಧದವರೆಗೆ ಬಣ್ಣದ ನೀರು ತುಂಬಿ, ಒಂದು ತುದಿಯನ್ನು ಆ ಮುಚ್ಚಳದ ನಳಿಗೆಗೆ ಸೇರಿಸಿ ಇನ್ನೊಂದನ್ನು ತೆರೆದಿಡಬೇಕು. ಡಬ್ಬಿ ಇಲ್ಲದೆ ಒಮ್ಮೆ, ಡಬ್ಬಿಯೊಡನೆ ಒಮ್ಮೆ, ಎಂಜಿನು ನಿಧಾನವಾಗಿ ತಿರುಗುವಾಗಲೂ 2000 ಸುತ್ತಿನಲ್ಲಿಯೂ ಎರಡು ಪಕ್ಕದ ನೀರಿನ ಮಟ್ಟಗಳ ಅಂತರವನ್ನು ಗುರುತಿಸತಕ್ಕದ್ದು. ಎರಡು ಸಲವೂ ಅಂತರವು ಹೆಚ್ಚು ಕಡಮೆ ಒಂದೇ ಆಗಿರಬೇಕು. ಡಬ್ಬಿ ಜೋಡಿಸಿದ ಮೇಲೆ ಒಳಗಿನ ಒತ್ತಡವು ಒಂದು ಸೆಂಟಿಮೀಟರಿಗಿಂತ ಹೆಚ್ಚಾಗಿ ಏರಿದರೆ ನಾರು ಗಿಡಿದಿದೆ ಅಥವಾ ದಾರಿ ಕಿರಿದಾಗಿದೆ. ಸರಿಪಡಿಸುವವರೆಗೆ ಗಾಡಿಯನ್ನು ಓಡಿಸಬಾರದು.

ಹಿಡಿದ ಎಣ್ಣೆಯಿಂದ ತಿಳಿಯುವುದು.— ಮೊದಲ ಸಲ 500 ಕಿಲೋಮೀಟರಿಗೆ, ಆಮೇಲೆ 1000ಕ್ಕೊಮ್ಮೆ, ಎಂಜಿನು ತಣಿದಾಗ ನಲ್ಲಿ ಬಿಟ್ಟು, ಔಷಧದ ಅಳತೆ ಲೋಟದಲ್ಲಿ ಅಳೆದು, ತಾರೀಖು, ಕಿಲೋಮೀಟರು, ಮಿಲಿಲೀಟರು ಇವುಗಳನ್ನು ಪುಸ್ತಕದಲ್ಲಿ ಬರೆದಿಡಬೇಕು. ಬೇರೆಯವರ ಗಾಡಿಯೊಡನೆ ಹೋಲಿಸುವುದರಿಂದ ಪ್ರಯೋಜನವಿಲ್ಲ. ಆಯಾ ಗಾಡಿಯ ಹಿಂದಿನ ಲೆಕ್ಕವೇ ಅದಕ್ಕೆ ಪ್ರಮಾಣ. ಅಷ್ಟೇ ದೂರಕ್ಕೆ ಪರಿಮಾಣವು ಇಮ್ಮಡಿಯಾದರೆ ಸಿಲಿಂಡರುಗಳ ಕಂಪ್ರೆಷನ್ ಅಳೆಯಿಸತಕ್ಕದ್ದು. ರಿಂಗು ಸವೆದಿದ್ದರೆ ಡಬ್ಬಿಯು ಅದನ್ನು ವಾಸಿಮಾಡಲಾರದು. ಆದರೆ ಸುಗ್ಗಿಯ ನಡುವೆ ಗಾಡಿ ನಿಂತುಹೋಗುವ ಬದಲು, ಬಿಡುವಿನ ತಿಂಗಳಲ್ಲಿ ರಿಪೇರಿ ಮಾಡಿಸಲು ಮುನ್ನೆಚ್ಚರಿಕೆ ಕೊಡುತ್ತದೆ. ಲೆಕ್ಕವು ವರ್ಷಗಟ್ಟಲೆ ಸ್ಥಿರವಾಗಿದ್ದರೆ, ಎಂಜಿನು ಬಿಚ್ಚಬೇಕೆಂದು ಅವಸರಪಡಿಸುವವರಿಗೆ ಆ ಪುಸ್ತಕವನ್ನೇ ತೋರಿಸಬಹುದು.

ಬಣ್ಣವನ್ನೂ ನೋಡಬೇಕು. ಡೀಸೆಲಿನಲ್ಲಿ ಕಪ್ಪು ಸಹಜ. ಹಾಲು ಬೆರೆಸಿದ ಕಾಫಿಯಂತಿದ್ದರೆ ನೀರು ಕಲೆತಿದೆಯೆಂದು ತಿಳಿಯಬೇಕು. ಕೊಡಗು, ಚಿಕ್ಕಮಗಳೂರಿನಂಥ ಕಡೆ ಮಳೆಗಾಲದಲ್ಲಿ ತೋಟದಿಂದ ಪೇಟೆಗೆ ಮೂರು ನಾಲ್ಕು ಕಿಲೋಮೀಟರು ಮಾತ್ರ ಓಡುವ ಜೀಪಿನಲ್ಲಿ ಎಂಜಿನು ಪೂರ್ಣ ಬಿಸಿಯೇರದೆ ಹೀಗಾಗುವುದು ಸಾಮಾನ್ಯ. ಡಬ್ಬಿಯೂ ಬೇಗ ತುಂಬುತ್ತದೆ. ಆದರೆ ಬೇಸಗೆಯಲ್ಲಿಯೂ ಹೀಗೆಯೇ ಇದ್ದು, ರೇಡಿಯೇಟರಿನ ನೀರೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ಟನ್ನು ಪರೀಕ್ಷಿಸಬೇಕು. ವರ್ಷಕ್ಕೊಮ್ಮೆ ನಾರನ್ನು ಡೀಸೆಲಿನಲ್ಲಿ ತೊಳೆದು, ಪೂರ್ತಿ ಒಣಗಿಸಿ ಹಾಕತಕ್ಕದ್ದು.

ಉಸಿರು ನಳಿಗೆಯು ಬಯಲಿಗೇ ತೆರೆದಿರುವ ಟ್ರ್ಯಾಕ್ಟರಿಗೂ ಪಂಪಿನ ಎಂಜಿನಿಗೂ ಈ ಡಬ್ಬಿ ಬೇಕಿಲ್ಲ. ಆದರೆ ಆ ನಳಿಗೆಯ ಬಾಯಿಯನ್ನು ಕೆಸರು ಮುಚ್ಚುವುದೂ, ಕೆಲಸವಿಲ್ಲದೆ ನಿಂತ ತಿಂಗಳುಗಳಲ್ಲಿ ಕಡಜವು ಅದರಲ್ಲಿ ಮಣ್ಣಿನ ಗೂಡು ಕಟ್ಟುವುದೂ ಉಂಟು. ಉಳುಮೆಗೆ ಇಳಿಸುವ ಮುನ್ನ ಒಮ್ಮೆ ತಂತಿಯಾಡಿಸಿ ನೋಡಬೇಕು.

ಹಿಡಿದ ಎಣ್ಣೆಯನ್ನು ಮರಳಿ ಎಂಜಿನಿಗೆ ಹೊಯ್ಯಕೂಡದು. ಅದರಲ್ಲಿ ನೀರೂ ಆಮ್ಲವೂ ಇಂಧನವೂ ಬೆರೆತಿರುತ್ತವೆ. ಬೇಲಿಯ ಗೂಟಕ್ಕೆ ಗೆದ್ದಲು ಹತ್ತದಿರಲೆಂದು ಬಳಿಯುವುದು, ಬದುವಿನ ಕಳೆಗೆ ಸುರಿಯುವುದು ಇವು ಹಳೆಯ ರೂಢಿಗಳು. ಇದರಲ್ಲಿರುವ ಲೋಹಾಂಶಗಳೂ ಮಸಿಯ ವಿಷಗಳೂ ಮಣ್ಣಿಗೂ ಬಾವಿಯ ನೀರಿಗೂ ಇಳಿಯುವುದರಿಂದ ಅವನ್ನು ಬಿಡಬೇಕು. ಕೈಗೆ ಹತ್ತಿದ್ದನ್ನು ಸೋಪಿನಿಂದ ತೊಳೆಯಬೇಕು. ಬಳಸಿದ ಎಣ್ಣೆಯು 2016ರ ಅಪಾಯಕಾರಿ ತ್ಯಾಜ್ಯಗಳ ನಿಯಮಗಳಿಗೆ ಒಳಪಟ್ಟಿರುತ್ತದೆ. ಎಂಜಿನಿನಿಂದ ಇಳಿಸಿದ ಹಳೆಯ ಎಣ್ಣೆಯೊಡನೆ ಇದನ್ನೂ ಮುಚ್ಚಳವುಳ್ಳ ಕ್ಯಾನಿನಲ್ಲಿ ಹೆಸರು ಬರೆದು, ಮಕ್ಕಳಿಗೂ ದನಗಳಿಗೂ ಎಟುಕದಂತೆ ಕೂಡಿಟ್ಟು, ಪರವಾನಗಿ ಪಡೆದು ಹಳೆಯ ಎಣ್ಣೆ ಸಂಗ್ರಹಿಸುವವರಿಗೆ ಗ್ಯಾರೇಜಿನ ಮುಖಾಂತರ ಒಪ್ಪಿಸತಕ್ಕದ್ದು. ಒಂದೇ ಊರಿನಲ್ಲಿ ಹತ್ತಾರು ಗಾಡಿಗಳೂ ಟ್ರ್ಯಾಕ್ಟರುಗಳೂ ಇರುವಲ್ಲಿ, ಗ್ರಾಮದ ಮುಖಂಡರು ಎಲ್ಲರಿಗೂ ಸೇರಿ ಒಂದು ಪೀಪಾಯಿಯನ್ನು ನೆರಳಿನಲ್ಲಿ, ಬಾವಿಗೆ ದೂರವಾಗಿ ಇಡಿಸಿದರೆ ಸಾಗಿಸುವ ವೆಚ್ಚವೂ ಹಂಚಿಹೋಗುತ್ತದೆ.